ದನದ ಡಾಕ್ಟರರು, ಕಡಲಾಚೆಯ ಕುರಿಗಳು

ಅವರು ಮೊದಲ ಸಲ ನನ್ನ ಹತ್ತಿರ ಬಂದದ್ದು ಒಂದು ಶಬ್ದದ ಅರ್ಥ ಕೇಳಲಿಕ್ಕೆ. ಮಧ್ಯಾಹ್ನದ ಬಿಡುವಿನಲ್ಲಿ ನಾನು ಶಿಕ್ಷಕರ ಕೋಣೆಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಟಿಂಕ್ಚರಿನ ವಾಸನೆಯೊಂದಿಗೆ ಒಳಗೆ ಬಂದವರು ಅಂಗಿಯ ಕಿಸೆಯಿಂದ ಚೀಟಿ ತೆಗೆದು ನನ್ನ ಮುಂದಿಟ್ಟರು. ಔಷಧದ ಡಬ್ಬಿಯನ್ನು ಬಿಡಿಸಿ ಅದರ ಒಳಮೈಗೆ, ರೇಡಿಯೋದಲ್ಲಿ ಕೇಳಿದ ಹಾಗೆ, ಕನ್ನಡ ಅಕ್ಷರಗಳಲ್ಲಿ ಬರೆದಿದ್ದರು: ಕಂಟಿಗುವಸ್ ಕಲ್.

“ಅಕ್ಕಾರ, ಇದರಾಗ ಕಲ್ ಅಂದ್ರ ನಮ್ಮ ಕಲ್ಲ ಅಲ್ಲ, ಅಷ್ಟ ಗೊತ್ತಾಗೇತಿ. ಉಳದದ್ದು ನೀವ ಹೇಳ್ರಿ.”

ನೇಸರಗಿಯಿಂದ ಆಚೆ ಒಂದು ಸಣ್ಣ ಊರಿನ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಬಂದು ನನಗೆ ವರ್ಷವೂ ತುಂಬಿರಲಿಲ್ಲ. ಈ ಶತಮಾನ ಆಗಷ್ಟೇ ಶುರುವಾಗಿತ್ತು. ಚೀಟಿಯ ಎರಡೂ ಶಬ್ದ ನನಗೆ ಗೊತ್ತಿರಲಿಲ್ಲ. ಹಾಗೆ ಹೇಳಲು ನಾಚಿಕೆಯಾಗಿ, “ನಾಳೆ ಹೇಳತೇನ್ರಿ, ಈಗ ಕ್ಲಾಸ್ ಐತಿ” ಅಂದೆ. ಅವರು ಗೋಡೆಯ ಗಡಿಯಾರ ನೋಡಿದರು. ಬಿಡುವು ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.

“ನನಗೂ ಹಂಗ ಆಗತೈತ್ರಿ” ಅಂದರು. “ತಿಳೀದ ಬ್ಯಾನಿ ಕಂಡ್ರ ನಾನೂ ನಾಳೆ ಬರತೇನಿ ಅಂತ ಹೇಳಿ ಬರತೇನಿ.”

ವ್ಯಂಗ್ಯವಿರಲಿಲ್ಲ. ನನಗೆ ಸಮಾಧಾನ ಹೇಳುತ್ತಿದ್ದರು. ಆ ಶನಿವಾರ ಬೈಲಹೊಂಗಲಕ್ಕೆ ಹೋಗಿ, ಪರಿಚಯದವರೊಬ್ಬರ ಮನೆಯಲ್ಲಿ ದೊಡ್ಡ ನಿಘಂಟು ತೆರೆದು ನೋಡಿದೆ. ಮೊದಲನೆಯದು, ಒಂದಕ್ಕೊಂದು ತಾಗಿಕೊಂಡಿರುವ, ಗಡಿಗೆ ಗಡಿ ಹೊಂದಿರುವ. ಎರಡನೆಯದು, ಹಿಂಡಿನಿಂದ ಬೇರ್ಪಡಿಸಿ ಕೊಲ್ಲುವುದು. ಸೋಮವಾರ ಹೇಳಿದಾಗ ಅವರು ಚೀಟಿಯನ್ನು ಮತ್ತೊಮ್ಮೆ ಓದಿಕೊಂಡರು.

“ಅಂದ್ರ ಬ್ಯಾನಿ ಬಂದ ಹೊಲದಾಗಿಂದು ಅಲ್ಲ, ಬಾಜೂ ಹೊಲದಾಗಿಂದು? ಬ್ಯಾನಿ ಇಲ್ಲದ್ದು?”

“ಹಂಗ ಅನಸತೈತ್ರಿ.”

“ತಿಳೀಲಿಲ್ರಿ. ಇನ್ನೊಮ್ಮೆ ಹೇಳ್ರಿ.”

ಇದು ಅವರ ಮಾತು. ಬಸ್ಸಿನ ಕಂಡಕ್ಟರನಿಗೆ, ತಮ್ಮ ಸಾಹೇಬರಿಗೆ, ಬೀಜದ ಅಂಗಡಿಯವನಿಗೆ, ಎಲ್ಲರಿಗೂ ಅದನ್ನೇ ಹೇಳುತ್ತಿದ್ದರು. ಕೆಲವರಿಗೆ ಅದರಿಂದ ಸಿಟ್ಟು ಬರುತ್ತಿತ್ತು. ಎರಡನೇ ಸಲ ಹೇಳುವಾಗ ತಮ್ಮ ಮಾತು ತಮಗೇ ಸರಿ ಕಾಣದೆ ಹೋಗುವುದರಿಂದ ಬರುವ ಸಿಟ್ಟು ಅದು ಅಂತ ನನಗೆ ಆಮೇಲೆ ಹೊಳೆಯಿತು.

ಊರವರು ಅವರನ್ನು ದನದ ಡಾಕ್ಟರ್ ಅನ್ನುತ್ತಿದ್ದರು. ಅವರು ಡಾಕ್ಟರಲ್ಲ, ಜಾನುವಾರು ಇನ್ಸ್‌ಪೆಕ್ಟರು. ಹತ್ತನೇ ಇಯತ್ತೆ ಮುಗಿಸಿ ದನದ ದವಾಖಾನೆಯಲ್ಲಿ ಜವಾನರಾಗಿ ಸೇರಿ, ಆಮೇಲೆ ತರಬೇತಿ ಪಡೆದು ಮೇಲೆ ಬಂದವರು. ಇಂಗ್ಲಿಷ್ ಕಲಿತದ್ದು ಬಾಟಲಿಗಳ ಚೀಟಿ ಓದಿ. ಹಾಗಾಗಿ ಅವರಿಗೆ ‘ಅಲುಗಾಡಿಸಿ ಬಳಸಿ’, ‘ತಂಪು ಜಾಗದಲ್ಲಿಡಿ’ ಇಂಥವೆಲ್ಲ ಚೆನ್ನಾಗಿ ಬರುತ್ತಿದ್ದವು; ‘ಹೇಗಿದ್ದೀರಿ’ ಅನ್ನುವುದು ಬರುತ್ತಿರಲಿಲ್ಲ. ಉಳಿದದ್ದನ್ನು ಕಲಿಯಲೆಂದು ಒಂದು ಹಳೆಯ ಶಾರ್ಟ್‌ವೇವ್ ರೇಡಿಯೋ ಇಟ್ಟುಕೊಂಡಿದ್ದರು. ಬೆಳಿಗ್ಗೆ ದವಾಖಾನೆ ತೆರೆದು, ಸೂಜಿ ಕುದಿಯಲು ಇಟ್ಟು, ಅದು ಕುದಿಯುವವರೆಗೆ ಪರದೇಶದ ಸುದ್ದಿ ಕೇಳುತ್ತಿದ್ದರು.

ಅವರು ದನಗಳಿಗೆ ರೀ ಹಚ್ಚಿ ಮಾತಾಡುತ್ತಿದ್ದರು. “ಏಳ್ರಿ ಅಕ್ಕಾರ, ಒಂದೀಟ ಹಿಂದ ಸರೀರಿ” ಅಂತ ಎಮ್ಮೆಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನೂ ಅಕ್ಕಾರ ಅಂತಲೇ ಕರೆಯುವುದು. ನನ್ನನ್ನೂ ಎಮ್ಮೆಯನ್ನೂ ಒಂದೇ ಹೆಸರಿನಿಂದ ಕರೆಯುತ್ತೀರಲ್ಲ ಅಂತ ಒಮ್ಮೆ ನಗುತ್ತ ಕೇಳಿದೆ. ಅವರು ಗಂಭೀರವಾಗಿಯೇ ಉತ್ತರ ಕೊಟ್ಟರು: “ಪೈಲೇ ಸಲ ಭೆಟ್ಟಿ ಆದವರಿಗೆ ರೀ ಅನ್ನಬೇಕಲ್ರಿ. ಅವು ನಮಗ ಒದೀತಾವ ಅಂತ ನಾವ ಮರ್ಯಾದಿ ಬಿಡಾಕ ಬರೂದಿಲ್ಲ.”

ಆ ವರ್ಷ ಅವರು ಕೇಳುತ್ತಿದ್ದ ಸುದ್ದಿ ಪಶ್ಚಿಮದ ಒಂದು ದೇಶದ್ದು. ಆ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ. ಚುನಾವಣೆ, ಸಂಸತ್ತು, ನ್ಯಾಯಾಲಯ, ಪತ್ರಿಕೆ ಎಲ್ಲವೂ ಸರಿಯಾಗಿ ನಡೆಯುತ್ತವೆ ಅಂತ ನಾವು ನಾಗರಿಕಶಾಸ್ತ್ರದಲ್ಲಿ ಓದಿದಂಥ ದೇಶ. ಅಲ್ಲಿ ದನಕುರಿಗಳಿಗೆ ಕಾಲುಬಾಯಿ ಬೇನೆ ಬಂದಿತ್ತು. ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಗುಳ್ಳೆ ಏಳುವ ಬೇನೆ. ನಮ್ಮ ಕಡೆ ಎರಡು ಮೂರು ವರ್ಷಕ್ಕೊಮ್ಮೆ ಬಂದು ಹೋಗುತ್ತಿತ್ತು. ಎತ್ತು ಹದಿನೈದು ದಿನ ಮಲಗುತ್ತಿತ್ತು, ಆಕಳು ಹಾಲು ಬತ್ತಿಸುತ್ತಿತ್ತು, ಎಳೆಗರುಗಳು ಕೆಲವು ಸಾಯುತ್ತಿದ್ದವು, ದೊಡ್ಡವು ಬಹುತೇಕ ಎದ್ದು ನಿಲ್ಲುತ್ತಿದ್ದವು. ಪಟಕದ ಹರಳು ಕರಗಿಸಿದ ನೀರಿನಿಂದ ಬಾಯಿ ತೊಳೆದು, ಜೋಳದ ಅಂಬಲಿ ಕುಡಿಸಿ, ಅವರೇ ಎಷ್ಟೋ ದನಗಳನ್ನು ಎಬ್ಬಿಸಿದ್ದರು. ಅದೇ ಬೇನೆಗೆ ಅಲ್ಲಿನ ಸರ್ಕಾರ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲಿಸುತ್ತಿತ್ತು. ಬೇನೆ ಬಂದವನ್ನು, ಜೊತೆಗೆ ಬಾರದವನ್ನೂ.

ಅವರಿಗೆ ಇದು ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲ. ಶಾಲೆ ಬಿಟ್ಟ ಮೇಲೆ ದಿನವೂ ಒಂದು ಚೀಟಿ ಹಿಡಿದು ಬರುತ್ತಿದ್ದರು. ನಾನು ಅರ್ಥ ಹೇಳುತ್ತಿದ್ದೆ, ಅವರು ಜೋಡಿಸುತ್ತಿದ್ದರು. ಹೀಗೆ ತಿಂಗಳೊಪ್ಪತ್ತಿನಲ್ಲಿ ನಮಗಿಬ್ಬರಿಗೂ ಸಂಗತಿ ತಿಳಿಯಿತು. ರಾಜಧಾನಿಯಲ್ಲಿ ಕೂತವರು ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ಗೆರೆಯ ಒಳಗೆ ಬಂದ ಹೊಲದ ಕುರಿಗಳಿಗೆ ಬೇನೆ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವಷ್ಟು ಪುರಸೊತ್ತಿಲ್ಲ. ಕೊಂದ ಪ್ರಾಣಿಗಳನ್ನು ಸಾಗಿಸಲು ಲಾರಿ ಸಾಲದೆ ಅವು ದಿನಗಟ್ಟಲೆ ಹೊಲದಲ್ಲೇ ಬಿದ್ದಿರುತ್ತವೆ. ಕೊನೆಗೆ ಸೈನ್ಯ ಬರುತ್ತದೆ. ಗೇಟು ಮುಚ್ಚಿ ನಿಂತ ಒಕ್ಕಲಿಗರ ಹತ್ತಿರ ಪೊಲೀಸರು ಹೋಗುತ್ತಾರೆ. ಯಾವ ಕಾಯಿದೆಯ ಪ್ರಕಾರ ಕೊಲ್ಲುತ್ತೀರಿ ಅಂತ ಒಬ್ಬರು ಕೇಳಿದರೆ ಸರಿಯಾದ ಉತ್ತರವಿಲ್ಲ.

ನಮ್ಮ ಹೆಡ್‌ಮಾಸ್ತರರಿಗೆ ಈ ಚರ್ಚೆ ಹಿಡಿಸುತ್ತಿರಲಿಲ್ಲ. ಶಿಸ್ತಿನ ಮನುಷ್ಯ, ಒಳ್ಳೆಯವರು. ಪಶ್ಚಿಮದ ದೇಶಗಳಲ್ಲಿ ಸರ್ಕಾರ ತಪ್ಪು ಮಾಡುವುದಿಲ್ಲ ಅನ್ನುವುದು ಅವರ ನಂಬಿಕೆ.

“ಅಲ್ಲೆ ಎಲ್ಲಾ ಶಾಸ್ತ್ರಜ್ಞರು ಕೂಡಿ ತೀರ್ಮಾನ ಮಾಡ್ತಾರ್ರಿ. ನಮ್ಮಂಗ ಅಲ್ಲ” ಅಂದರು ಹೆಡ್‌ಮಾಸ್ತರರು.

“ಹೌದ್ರಿ ಸರ. ಆದ್ರ ಲಸಿಕಿ ಯಾಕ ಹಾಕವಲ್ರು? ಲಸಿಕಿ ಅವರ ಕಡೇನೂ ಐತಿ” ಅಂದರು ದನದ ಡಾಕ್ಟರರು.

ಉತ್ತರ ನಮಗೆ ಆಮೇಲೆ ಸಿಕ್ಕಿತು. ಲಸಿಕೆ ಹಾಕಿದರೆ, ಬೇನೆಯಿಲ್ಲದ ದೇಶ ಎಂಬ ಹೆಸರು ಹೋಗಿ, ಬೇರೆ ದೇಶಗಳು ಮಾಂಸ ಕೊಳ್ಳುವುದನ್ನು ನಿಲ್ಲಿಸುತ್ತವೆ. ಇದನ್ನು ನಾನು ಪತ್ರಿಕೆಯಿಂದ ಓದಿ ಹೇಳಿದಾಗ ಅವರು ಬೆರಳಿನಿಂದ ಮೇಜು ಕುಟ್ಟುತ್ತ, “ಅಂದ್ರ ನಮ್ಮಲ್ಲೆ ಬ್ಯಾನಿ ಇಲ್ಲ ಅಂತ ಕಾಗದದಾಗ ಬರಿಯಾಕ, ಬ್ಯಾನಿ ಇಲ್ಲದ ಕುರಿ ಕೊಲ್ಲಾಕತ್ತಾರು. ತಿಳೀಲಿಲ್ರಿ, ಇನ್ನೊಮ್ಮೆ ಓದ್ರಿ” ಅಂದರು. ಹೆಡ್‌ಮಾಸ್ತರರು ಹಾಜರಿ ಪುಸ್ತಕ ತೆರೆದುಕೊಂಡರು.

ಇನ್ನೊಂದು ಪ್ರಶ್ನೆ ದನದ ಡಾಕ್ಟರರದು, ಅದನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ: “ಅಲ್ಲೆ ಸತ್ತ ದನಾ ಎಳಿಯೋರು ಯಾರ್ರಿ?”

ಯಾಕೆ ಹಾಗೆ ಕೇಳಿದರೆಂದು ಅವರ ಮನೆಗೆ ಹೋದಾಗ ತಿಳಿಯಿತು. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಚಿತ್ರ. ಅವರ ಹೆಂಡತಿ ಚಹಾ ಕೊಟ್ಟು, ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದರು. ತಂದೆಯ ಕಾಲಕ್ಕೆ ಮನೆತನ ಬೌದ್ಧವಾಗಿತ್ತು. ಅದಕ್ಕೂ ಮೊದಲು, ಅಜ್ಜನ ಕಾಲದಲ್ಲಿ, ಊರಲ್ಲಿ ದನ ಸತ್ತರೆ ಎಳೆದು ಹಾಕುವುದು ಅವರ ಓಣಿಯವರ ಪಾಲಿನ ಕೆಲಸವಾಗಿತ್ತು. “ಅಜ್ಜ ಸತ್ತ ದನಾ ಎಳದಾಂವ. ನಾ ಬದಕಿದ್ದ ದನಾ ಹಿಡದೇನಿ. ನಮ್ಮ ಮನ್ಯಾಗ ದೊಡ್ಡ ಬಡ್ತಿ ಅಂದ್ರ ಇದ ನೋಡ್ರಿ” ಅಂದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ದೊಡ್ಡ ಮನೆಯವರು ಆಕಳ ಹೆರಿಗೆಗೆ ಕರೆಸಿದ್ದರಂತೆ. ತೋಳಿನವರೆಗೆ ಕೈ ಹಾಕಿ ಕರು ತಿರುಗಿಸಿ ಹೊರಗೆಳೆದಿದ್ದರು. ಕೈ ತೊಳೆದು ಕಟ್ಟೆಯ ಮೇಲೆ ಕೂರಲು ಹೋದಾಗ ಮನೆಯ ಹಿರಿಯರು, “ಕಟ್ಟಿ ಬ್ಯಾಡ್ರಿ, ಅಲ್ಲೆ ಕಲ್ಲಿನ ಮ್ಯಾಲ ಕುಂಡ್ರಿ” ಅಂದರು. ಈ ಕತೆಯನ್ನು ಅವರು ಹಲ್ಲು ಕಡಿಯುತ್ತ ಹೇಳಲಿಲ್ಲ. ಲೆಕ್ಕ ಬಗೆಹರಿಯದ ವಿದ್ಯಾರ್ಥಿಯ ಹಾಗೆ ಹೇಳಿದರು: “ನಂದೊಂದ ಪ್ರಶ್ನೆ ಐತ್ರಿ. ಆಕಳದ ಹೊಟ್ಟಿಯೊಳಗ ನನ್ನ ಕೈ ಹೋತು. ಅದರ ಹಾಲ ಅವರ ದೇವರ ಮನಿಯೊಳಗ ಹೋತು. ಹಂಗಾರ ನಾ ಎಲ್ಲೀತನಕ ಹೋಗಿಬಂದೆ?”

ನಾನು ಕಿತ್ತೂರಿನ ಒಕ್ಕಲು ಮನೆತನದವಳು. ಅಂಥ ಕಟ್ಟೆ ನಮ್ಮ ಮನೆಗೂ ಇತ್ತು.

ರೇಡಿಯೋದಲ್ಲಿ ಒಂದು ಬೆಳಿಗ್ಗೆ ಆ ದೇಶದ ಒಬ್ಬ ಹೆಂಗಸು ಮಾತಾಡಿದ್ದನ್ನು ಅವರು ಕೇಳಿದರು. ಗುಡ್ಡದ ಕಡೆ ಒಬ್ಬಳೇ ಕುರಿ ಸಾಕಿಕೊಂಡಿದ್ದವಳು. ನೆರೆಯವರ ಹೊಲಕ್ಕೆ ಬೇನೆ ಬಂದಿದೆ, ನನ್ನ ಕುರಿಗಳು ಚೆನ್ನಾಗಿವೆ, ಬಂದು ನೋಡಿ ಅಂದರೆ ನೋಡದೆ ಕೊಲ್ಲುತ್ತೇವೆ ಅನ್ನುತ್ತಾರೆ ಅಂತ ಅವಳು ಹೇಳಿದಳಂತೆ. ಆ ಮಧ್ಯಾಹ್ನ ಅವರು ಚೀಟಿಯ ಬದಲು ಬಿಳಿ ಹಾಳೆ ಹಿಡಿದು ಬಂದರು.

“ಅಕ್ಕಾರ, ಆ ಅಕ್ಕಾರಿಗೆ ಒಂದ ಪತ್ರ ಬರೀಬೇಕ್ರಿ.”

ವಿಳಾಸ? ರೇಡಿಯೋದವರ ಮುಖಾಂತರ. ಇಂಗ್ಲಿಷು? ನಾನು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಪಟಕದ ನೀರಿನ ಪ್ರಮಾಣ, ಅಂಬಲಿ ಮಾಡುವ ಕ್ರಮ, ಬಿಸಿ ಮರಳಿನ ಮೇಲೆ ನಡೆಸುವ ವಿಧಾನ. ಅಲ್ಲಿ ಜೋಳ ಸಿಗುತ್ತದೋ ಇಲ್ಲವೋ ಅಂತ ನಾವಿಬ್ಬರೂ ಬಹಳ ಹೊತ್ತು ಯೋಚಿಸಿ, ‘ಸಿಗುವ ಯಾವುದಾದರೂ ಕಾಳು’ ಅಂತ ಬರೆದೆವು. ಕೊನೆಗೆ ಪ್ರಶ್ನೆಗಳು. ಕೊಲ್ಲಲು ಬಂದವರು ನಿಮ್ಮ ಊರಿನವರೇ? ಅವರ ಮುಖ ಹೇಗಿತ್ತು? ಸತ್ತ ಕುರಿಗಳನ್ನು ಎಳೆಯುವವರು ಯಾರು?

“ಮುಖಾ ಹೆಂಗಿತ್ತು ಅಂತ ಯಾಕ ಕೇಳ್ತೀರ್ರಿ?” ಅಂದೆ.

“ಸರ್ಕಾರದ ಕೆಲಸಾ ಮಾಡೋರು ನಾವೂನೂ ಅಲ್ರಿ. ಮನಸಿಲ್ಲದ ಮಾಡೋರ ಮುಖಾ ನನಗ ಗುರ್ತ ಸಿಗತೈತಿ.”

ಪತ್ರ ಹೋಯಿತು. ಮಳೆಗಾಲ ಬಂತು, ಹೊಲದಲ್ಲಿ ಹೆಸರುಕಾಳು ಕಿತ್ತರು, ಶಾಲೆಯಲ್ಲಿ ಒಂದು ಪರೀಕ್ಷೆ ಮುಗಿಯಿತು. ಉತ್ತರ ಬರುವುದಿಲ್ಲ ಅಂತ ನಾನು ತೀರ್ಮಾನಿಸಿದ್ದೆ. ಬಂತು. ನೀಲಿ ಶಾಯಿ, ಬಾಗಿದ ಅಕ್ಷರ, ಮೂರು ಪುಟ.

ಅವಳ ಕುರಿಗಳನ್ನು ನಮ್ಮ ಪತ್ರ ತಲುಪುವ ಮೊದಲೇ ಕೊಂದಿದ್ದರು. ಕೊಂದ ಮೇಲೆ ರಕ್ತ ಪರೀಕ್ಷೆ ಮಾಡಿದ್ದರು. ಬೇನೆ ಇರಲಿಲ್ಲ. ಆ ವಿಷಯ ಅವಳಿಗೆ ಒಂದು ಮುದ್ರಿತ ನಮೂನೆಯಲ್ಲಿ ಬಂತು; ಖಾಲಿ ಜಾಗದಲ್ಲಿ ಅವಳ ಹೆಸರು ತುಂಬಿದ್ದರು, ಅದನ್ನೂ ತಪ್ಪಾಗಿ. ಕೊಲ್ಲಲು ಬಂದವರಲ್ಲಿ ಒಬ್ಬ ಹುಡುಗಿ ಇದ್ದಳಂತೆ, ಹೊಸದಾಗಿ ಪಶುವೈದ್ಯೆ ಆದವಳು, ಕೆಲಸ ಮುಗಿಸಿ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳಂತೆ. ಕುರಿಗಳು ಐದು ದಿನ ಅಲ್ಲೇ ಬಿದ್ದಿದ್ದವು. ಎಳೆಯಲು ಬಂದವರು ದೂರದ ಊರಿನ ಲಾರಿಯವರು. ಅವರ ಜೊತೆ ಯಾರೂ ಮಾತಾಡಲಿಲ್ಲ, ಅವಳೊಬ್ಬಳೇ ನೀರು ಕೊಟ್ಟಳು. ‘ನನಗೆ ಸಿಟ್ಟು ಕೊಂದದ್ದಕ್ಕಲ್ಲ’ ಅಂತ ಬರೆದಿದ್ದಳು. ‘ಭಯಕ್ಕೆ ಬಿದ್ದು ಕೊಂದರು, ಅದು ಅರ್ಥವಾಗುತ್ತದೆ. ಆದರೆ ತಪ್ಪಾಯಿತು ಅಂತ ಇಡೀ ಸರ್ಕಾರದಲ್ಲಿ ಒಬ್ಬರೂ ಹೇಳಲಿಲ್ಲ. ಈಗ ಕಾಯಿದೆಯನ್ನೇ ಬದಲಿಸುತ್ತಾರಂತೆ, ಮುಂದಿನ ಸಲ ಯಾರೂ ಕೇಳದ ಹಾಗೆ.’ ತನ್ನ ಹೆಸರು, ಊರು, ದೇಶ ಎಲ್ಲಿಯೂ ಹೇಳಬೇಡಿ, ನೆರೆಯವರ ಜೊತೆ ಬದುಕಬೇಕು ಅಂತ ಕೊನೆಯಲ್ಲಿ ಕೇಳಿಕೊಂಡಿದ್ದಳು.

ಪತ್ರ ಓದಿ ಮುಗಿಸಿದಾಗ ಅವರು ಆ ಮೂರು ಪುಟಗಳನ್ನು ಕೈಗೆ ತೆಗೆದುಕೊಂಡು, ಆ ಬಾಗಿದ ಅಕ್ಷರ ಓದಲಾಗದಿದ್ದರೂ, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ಆಮೇಲೆ ಕೇಳಿದರು: “ಆ ಹುಡಿಗಿ ನೌಕರಿ ಬಿಟ್ಟಳೇನಂತ್ರಿ?” ಅವಳು ಅದನ್ನು ಬರೆದಿರಲಿಲ್ಲ.

ಮರುವರ್ಷ ಹುಣ್ಣಿಮೆಯ ಜಾತ್ರೆಗೆ ಅವರನ್ನು ಸವದತ್ತಿಯ ಕಡೆ ಉಗರಗೋಳಕ್ಕೆ ಡ್ಯೂಟಿಗೆ ಹಾಕಿದರು. ಎಲ್ಲಮ್ಮನ ಗುಡ್ಡಕ್ಕೆ ಬರುವ ಚಕ್ಕಡಿಗಳು ಅಲ್ಲಿ ಬಿಡಾರ ಹೂಡುತ್ತವೆ. ಸಾವಿರಾರು ಎತ್ತುಗಳು ಒಂದೇ ಬಯಲಿನಲ್ಲಿ ಒತ್ತಿಕೊಂಡು ನಿಂತಿರುತ್ತವೆ. ಹೋದ ಎರಡನೇ ದಿನವೇ ಅವರಿಗೆ ಎರಡು ಎತ್ತಿನ ಬಾಯಲ್ಲಿ ಗುಳ್ಳೆ ಕಂಡವು. ಅವನ್ನು ಬೇರೆ ಕಟ್ಟಿಸಿದರು. ಲಸಿಕೆಗೆ ಹೇಳಿ ಕಳಿಸಿದರು. ಬರುತ್ತದೆ, ಬರುತ್ತದೆ ಅಂತ ಸುದ್ದಿ ಬಂತು. ಮೇಲಿನ ಕಚೇರಿಯಿಂದ ಮೊದಲು ಬಂದದ್ದು ಲಸಿಕೆಯಲ್ಲ, ಆಜ್ಞೆ: ಬೇನೆ ಕಂಡ ಬಿಡಾರದ ಸುತ್ತಲಿನ ಚಕ್ಕಡಿಗಳನ್ನು ಹದಿನೈದು ದಿನ ಬಿಡಬಾರದು.

ಆ ದಿನಗಳನ್ನು ಅವರು ಆಮೇಲೆ ನನಗೆ ವಿವರವಾಗಿ ಹೇಳಿದರು. ಹದಿನೈದು ದಿನಕ್ಕೆ ಬೇಕಾದ ಕಣಕಿ ಮೇವು ಯಾರ ಹತ್ತಿರವೂ ಇರಲಿಲ್ಲ, ನೀರೂ ಇರಲಿಲ್ಲ. ಅವರು ಚಕ್ಕಡಿಯಿಂದ ಚಕ್ಕಡಿಗೆ ಹೋಗಿ, ಕೂತು, ತಿಳಿಸಿ ಹೇಳಿದರು. ಬಹಳ ಜನ ನಿಂತರು. ಆಜ್ಞೆಗಾಗಿ ನಿಂತವರಲ್ಲ ಅವರು. ತಿಳೀಲಿಲ್ಲ ಅಂದವರಿಗೆ ಇವರು ಎರಡು ಸಲ, ಮೂರು ಸಲ ಬೇಸರವಿಲ್ಲದೆ ಹೇಳಿದ್ದಕ್ಕೆ ನಿಂತರು. ರಾಮದುರ್ಗ ತಾಲೂಕಿನ ಸಾಲಹಳ್ಳಿಯಿಂದ ಬಂದ ಒಬ್ಬ ಯಜಮಾನರು ಮಾತ್ರ ಒಪ್ಪಲಿಲ್ಲ. ಅವರ ಎತ್ತಿನ ಜೋಡಿ ಬೇನೆ ಕಂಡ ಎತ್ತುಗಳಿಂದ ನಾಲ್ಕು ಚಕ್ಕಡಿ ಆಚೆ ಇತ್ತು.

“ನಮ್ಮ ಎತ್ತಿಗೆ ಏನೂ ಆಗಿಲ್ರಿ. ಬಾಜೂದವರ ಎತ್ತ ಬ್ಯಾನಿ ಬಿದ್ರ ನಮಗ್ಯಾಕ ಶಿಕ್ಷಾ?” ಅಂದರಂತೆ ಯಜಮಾನರು.

ಈ ಪ್ರಶ್ನೆ ನಮ್ಮ ಡಾಕ್ಟರರಿಗೆ ಚೆನ್ನಾಗಿ ಗೊತ್ತಿತ್ತು. ವರ್ಷವಿಡೀ ಅದನ್ನೇ ಕೇಳುತ್ತ ಬಂದವರು. ಅವರು ಜೋಡಿಯನ್ನು ಊರಿಗೆ ಹೋಗಲು ಬಿಟ್ಟರು.

ಸಾಲಹಳ್ಳಿಯ ಆ ಮನೆಯಲ್ಲಿ ವಾರದೊಳಗೆ ಬೇನೆ ಎದ್ದಿತು. ಅಲ್ಲಿಂದ ಓಣಿಗೆ, ಓಣಿಯಿಂದ ಊರಿಗೆ. ಸುದ್ದಿ ತಿಳಿದ ದಿನವೇ ಅವರು ರಜೆ ಹಾಕಿ ಹೊರಟರು. ನನ್ನ ಹತ್ತಿರ ಬಂದು, “ಅಕ್ಕಾರ, ನಾ ಬಿಟ್ಟ ಎತ್ತ ಬ್ಯಾನಿ ಒಯ್ದಾವು” ಅಂದರು. ಮುಖ ನೋಡಲಾಗಲಿಲ್ಲ. ಹತ್ತು ದಿನ ಸಾಲಹಳ್ಳಿಯಲ್ಲಿದ್ದರು. ಗುಡಿಯ ಜಗಲಿಯ ಮೇಲೆ ಮಲಗುತ್ತಿದ್ದರು, ಮನೆ ಮನೆಗೆ ಹೋಗಿ ದನಗಳ ಬಾಯಿ ತೊಳೆಯುತ್ತಿದ್ದರು. ದೊಡ್ಡವೆಲ್ಲ ಎದ್ದವು. ಕರುಗಳು ಹೋದವು. ಆ ಯಜಮಾನರ ಮನೆಯಲ್ಲಿಯೇ ಎರಡು.

ಮೊದಲನೆಯ ಕರು ಸತ್ತ ಬೆಳಿಗ್ಗೆ ಯಜಮಾನರು, ಹಿಂದೆ ಸತ್ತ ದನ ಎಳೆಯುತ್ತಿದ್ದ ಓಣಿಯವರನ್ನು ಕರೆಯಲು ಹೇಳಿ ಕಳಿಸಿದರು. ಆ ಕೆಲಸ ಬಿಟ್ಟು ವರ್ಷಗಳಾದವು, ನಾವು ಬರುವುದಿಲ್ಲ ಅಂತ ಆ ಓಣಿಯಿಂದ ಉತ್ತರ ಬಂತು. ಯಜಮಾನರು ಇವರ ಕಡೆ ತಿರುಗಿ, “ನಿಮ್ಮ ಮಾತ ಕೇಳ್ತಾರ, ನೀವ ಒಂದ ಮಾತ ಹೇಳ್ರಿ” ಅಂದರು. ಅದರ ಅರ್ಥ ಇವರಿಗೆ ತಿಳಿಯದೆ ಇರಲಿಲ್ಲ.

“ಅವರು ಬರೂದಿಲ್ಲ ಅಂದದ್ದು ಬರೋಬ್ಬರಿ ಐತ್ರಿ ಯಜಮಾನ್ರ. ಕರು ಸಣ್ಣದೈತಿ, ಇಬ್ಬರಿಗೆ ಸಾಕು. ತಲಿ ಕಡೆ ನಾ ಹಿಡೀತೇನಿ. ಈ ಕಡೆ ನೀವ ಹಿಡೀರಿ.”

ಯಜಮಾನರು ನಿಂತೇ ಇದ್ದರಂತೆ. ಅಂಗಳದಲ್ಲಿ ಮನೆಯವರು, ನೆರೆಯವರು ಎಲ್ಲ ನೋಡುತ್ತಿದ್ದರು. ಇವರು ಬಗ್ಗಿ ಕರುವಿನ ಕುತ್ತಿಗೆಯ ಕೆಳಗೆ ಕೈ ಹಾಕಿ ಕಾದರು. ಎಷ್ಟು ಹೊತ್ತು ಕಾದೆನೋ ಗೊತ್ತಿಲ್ಲ ಅಂದರು ನನಗೆ. ಆಮೇಲೆ ಯಜಮಾನರು ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡು, ಬಗ್ಗಿ ಹಿಡಿದರು. ಇಬ್ಬರೂ ಹೊಲದವರೆಗೆ ಹೊತ್ತು, ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಿದರು. ಮರಳಿ ಬಂದಾಗ ಯಜಮಾನರು ತಾವೇ ಚೆರಿಗೆ ಹಿಡಿದು ಇವರ ಕೈಗೆ ನೀರು ಹಾಕಿದರಂತೆ.

ಮೇಲಿನ ಕಚೇರಿಯಿಂದ ನೋಟಿಸು ಬಂತು. ಆಜ್ಞೆ ಮೀರಿ ಎತ್ತು ಬಿಟ್ಟದ್ದಕ್ಕೆ ಕಾರಣ ಕೊಡಬೇಕು. ಹೆಡ್‌ಮಾಸ್ತರರು ಆಗ ಇವರ ಪರವಾಗಿ ನಿಂತರು. ನಮ್ಮ ಊರಲ್ಲಿ ಚಲೋ ಅರ್ಜಿ ಬರೆಯುವವರೆಂದರೆ ಅವರೇ. ಲಸಿಕೆ ತಡವಾಗಿ ಬಂದದ್ದು, ಇದ್ದದ್ದು ಒಬ್ಬರೇ ನೌಕರರು, ಬಯಲಿನಲ್ಲಿ ನೀರಿಲ್ಲದ್ದು ಎಲ್ಲ ಸೇರಿಸಿ ಎರಡು ಪುಟದ ಉತ್ತರ ತಯಾರಿಸಿದರು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಇವರು ಪೂರ್ತಿ ಓದಿ, ಮಡಚಿ, ಹೆಡ್‌ಮಾಸ್ತರರ ಕೈಗೆ ಮರಳಿ ಕೊಟ್ಟರು.

“ಭಾಳ ಚಲೋ ಬರದೀರಿ ಸರ. ಆದ್ರ ಲಸಿಕಿ ಬಂದಿದ್ರೂ ಆ ಜೋಡಿ ನಾ ಬಿಡತಿದ್ದೆ. ಅದು ಇದರಾಗಿಲ್ಲ.”

“ಅದನ್ನ ಬರದ್ರ ನಿಮ್ಮ ಮ್ಯಾಲ ಬರತೈತ್ರಿ” ಅಂದರು ಹೆಡ್‌ಮಾಸ್ತರರು.

“ಯಾರ ಮ್ಯಾಲಾರ ಬರಬೇಕಲ್ರಿ. ಅಲ್ಲೆ ಆ ದೇಶದಾಗ ಯಾರ ಮ್ಯಾಲೂ ಬರಲಿಲ್ಲಂತ, ಆ ಅಕ್ಕಾರು ಇನ್ನೂ ಕುಂತ ಯೋಚನಿ ಮಾಡಾಕತ್ತಾರ.”

ಮೂರೇ ಸಾಲು ಬರೆದರು. ನಾನು ಎತ್ತು ಬಿಟ್ಟೆ. ಅವುಗಳಿಂದ ಸಾಲಹಳ್ಳಿಗೆ ಬೇನೆ ಹೋಯಿತು. ತಪ್ಪು ನನ್ನದು. ವಿಚಾರಣೆಯ ಸಾಹೇಬರು ಅದನ್ನು ತಿರುವಿ ಮುರುವಿ ನೋಡಿ, “ಕಾರಣ ಬರೀರಿ. ಕಾರಣ ಇಲ್ಲದ ಫೈಲ್ ಮುಗಿಯೂದಿಲ್ಲ” ಅಂದರಂತೆ. “ಕಾರಣ ನನಗೂ ಪೂರಾ ತಿಳದಿಲ್ರಿ. ತಿಳದ ದಿನಾ ಬರದ ಕೊಡತೇನಿ” ಅಂದರಂತೆ ಇವರು. ಸಾಲಹಳ್ಳಿಯ ಯಜಮಾನರು ಯಾರೂ ಕರೆಯದೆ ಎರಡು ಬಸ್ಸು ಬದಲಿಸಿ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅವರನ್ನು ಒಳಗೆ ಬಿಡಲಿಲ್ಲ. ಬಿಡಲು ನಿಯಮದಲ್ಲಿ ಅವಕಾಶವಿರಲಿಲ್ಲ. ಶಿಕ್ಷೆಯೆಂದು ಇವರನ್ನು ರಾಮದುರ್ಗದ ಕಡೆಗೆ ವರ್ಗ ಮಾಡಿದರು. ಹೋಗುವಾಗ ನನಗೆ ಹಳೆಯ ಚೀಟಿಗಳ ಕಟ್ಟನ್ನು ಕೊಟ್ಟು, “ನಿಮ್ಮ ಹುಡುಗೂರಿಗೆ ಶಬ್ದಾ ಕಲಸಾಕ ಬರ್ತಾವ” ಅಂದರು.

ಐದಾರು ವರ್ಷ ಕಳೆದು, ಅವರು ನಿವೃತ್ತರಾದ ಮೇಲೆ, ನಾನು ರಾಮದುರ್ಗಕ್ಕೆ ಹೋಗಿದ್ದೆ. ಅವರು ಅಲ್ಲಿಯೇ ಮನೆ ಮಾಡಿಕೊಂಡಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೂತ ಕೂಡಲೇ, “ಅಕ್ಕಾರ, ಕಾರಣ ಸಿಕ್ಕತ್ರಿ” ಅಂದರು. ಯಾವುದರದು ಅಂತ ನನಗೆ ತಕ್ಷಣ ಹೊಳೆಯಲಿಲ್ಲ.

“ಆ ದಿನಾ ಬಲಗಡೆ ಎತ್ತಿನ ದವಡಿ ಮ್ಯಾಲ ಕೈ ಇಟ್ಟಿದ್ದೆ. ಇನ್ನ ಬಾಯಿ ತಗದ ನೋಡಬೇಕು, ಅಷ್ಟರಾಗ ಯಜಮಾನ್ರು, ನಮ್ಮ ಮಾತಿಗೆ ಬೆಲಿ ಇಲ್ಲೇನ್ರಿ ಅಂದ್ರು. ನಾ ಕೈ ತಗದೆ. ಆ ದೇಶದವರು ಒಕ್ಕಲಿಗರ ಮಾತ ಕೇಳಲಿಲ್ಲ ಅಂತ ನನ್ನ ತಲ್ಯಾಗ ತುಂಬಿತ್ತು. ನಾನರ ಕೇಳೂಣು ಅನಿಸ್ತು. ಅವರು ನಕ್ಷಾ ನಂಬಿದ್ರು, ನಾ ಮಾತ ನಂಬಿದೆ. ಬಾಯಿ ಇಬ್ಬರೂ ನೋಡಲಿಲ್ರಿ.”

ಅದನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಗೆ ಕೊಟ್ಟೂ ಬಂದಿದ್ದರು. ಫೈಲು ಮುಗಿದು ಹೋಗಿದೆ, ಇದನ್ನು ಎಲ್ಲಿ ಹಚ್ಚಲಿ ಅಂತ ಗುಮಾಸ್ತ ಕೇಳಿದನಂತೆ. ಅದರ ನಕಲನ್ನು, ಹಳೆಯ ಮೂರು ಸಾಲಿನ ಜೊತೆ, ನಾನು ಇಂಗ್ಲಿಷಿಗೆ ತಿರುಗಿಸಿ, ಅವರ ಮುಂದೆಯೇ ಓದಿ, ಕಡಲಾಚೆಯ ಆ ಹೆಂಗಸಿಗೆ ಕಳಿಸಿದೆ. ಅವಳ ಉತ್ತರ ಬೇಗ ಬಂತು. ಇಷ್ಟು ವರ್ಷದಲ್ಲಿ ತಪ್ಪು ನನ್ನದು ಎಂಬ ಮಾತನ್ನು ಒಬ್ಬ ಸರ್ಕಾರಿ ನೌಕರನ ಕೈಯಿಂದ ಮೊದಲ ಸಲ ಓದಿದೆ, ಅದೂ ಬೇರೆ ದೇಶದವನಿಂದ ಅಂತ ಬರೆದಿದ್ದಳು. ತಾನು ಮತ್ತೆ ಕುರಿ ಸಾಕಿದ್ದೇನೆ ಅಂತಲೂ ಇತ್ತು. ನಾನು ರಾಮದುರ್ಗಕ್ಕೆ ಹೋಗಿ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಆಮೇಲೆ ಕಣ್ಣು ಬಿಟ್ಟು, “ಎಷ್ಟ ಕುರಿ ಅಂತ ಬರದಾರ್ರಿ?” ಅಂದರು.

ಬರೆದಿರಲಿಲ್ಲ.

“ಕೇಳಿ ಬರೀರಿ ಮತ್ತ.”

ಬರೆದೆ. ಆ ಪತ್ರಕ್ಕೆ ಉತ್ತರ ಬರುವ ಮೊದಲೇ ಅವರು ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು, ಎದೆ ನೋವು ಅಂದವರು ದವಾಖಾನೆಯ ಬಾಗಿಲು ಮುಟ್ಟಲಿಲ್ಲ. ಸಾಲಹಳ್ಳಿಯ ಯಜಮಾನರು ಮಣ್ಣಿಗೆ ಬಂದಿದ್ದರು ಅಂತ ಕೇಳಿದೆ. ನನಗೆ ಸುದ್ದಿ ತಡವಾಗಿ ಮುಟ್ಟಿತು.

ಮೂರು ವಾರದ ಮೇಲೆ ನೀಲಿ ಶಾಯಿಯ ಪತ್ರ ಶಾಲೆಗೆ ಬಂತು. ಏನು ಮಾಡಬೇಕೋ ತಿಳಿಯದೆ ಎರಡು ದಿನ ಇಟ್ಟುಕೊಂಡು, ಕೊನೆಗೆ ಅವರ ಮನೆಗೆ ತೆಗೆದುಕೊಂಡು ಹೋದೆ. ಅವರ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಚಹಾ ಮಾಡಲು ಏಳಹೋದವರನ್ನು ತಡೆದು, ಡಾಕ್ಟರರು ಕೇಳಿದ್ದಕ್ಕೆ ಉತ್ತರ ಬಂದಿದೆ ಅಂದೆ. ಓದಲು ಹೇಳಿದರು. ಪತ್ರ ಚಿಕ್ಕದಿತ್ತು. ಹತ್ತೊಂಬತ್ತು ಕುರಿ. ಎಲ್ಲವೂ ಚೆನ್ನಾಗಿವೆ. ಒಂದು ಮಾತ್ರ ಹೋದ ವಾರದಿಂದ ಕುಂಟುತ್ತಿದೆ.

ಓದಿ ಮಡಚಿದೆ. ಅವರು ಬಟ್ಟೆಯನ್ನು ಯಂತ್ರದ ಸೂಜಿಯ ಕೆಳಗಿನಿಂದ ಬಿಡಿಸಿ ಮಡಿಲಲ್ಲಿಟ್ಟುಕೊಂಡರು. ನಾನು ಏಳಬೇಕೆಂದು ಚೀಲ ತೆಗೆದುಕೊಂಡೆ.

“ಯಾವ ಕಾಲಂತ್ರಿ?” ಅಂದರು. “ಮುಂದಿಂದೋ, ಹಿಂದಿಂದೋ?”